ಹಾನಿಗೊಂಡ ಪೂಜಾಸ್ಥಳಗಳ ಅಂಚೆಚೀಟಿಗಳು: ಯಾವುದನ್ನು ಸೇರಿಸಬೇಕು?

ಪ್ರಶ್ನೆ (ಸಾಗರದಿಂದ)

ಮಾನ್ಯರೆ, ನೀರು, ಬೆಂಕಿ ಅಥವಾ ಯುದ್ಧಕ್ಕೆ ತುತ್ತಾದ ಪೂಜಾಸ್ಥಳಗಳ ಅಂಚೆಚೀಟಿಗಳನ್ನಷ್ಟೇ ಸಂಗ್ರಹಿಸಬೇಕೆಂದಿದ್ದೇನೆ. ಲಿಂಗನಮಕ್ಕಿ ಅಣೆಕಟ್ಟು ಮುಗಿದ 1964ರಲ್ಲಿಯೇ, ನೈಲ್ ನದಿಯ ಹಿನ್ನೀರಿನಲ್ಲಿ ಮುಳುಗಲಿದ್ದ ಅಬು ಸಿಂಬೆಲ್ ದೇಗುಲಗಳನ್ನು ತುಂಡುತುಂಡಾಗಿ ಕತ್ತರಿಸಿ ಎತ್ತರಕ್ಕೆ ಸಾಗಿಸುವ ಕೆಲಸ ಆರಂಭವಾಯಿತೆಂದು ಓದಿದಾಗಿನಿಂದ, ಶರಾವತಿ ಹಿನ್ನೀರಿನ ಕಡೆಯವನಾದ ನನ್ನನ್ನು ಈ ವಿಷಯ ಬಿಡುತ್ತಿಲ್ಲ. ಆ ದೇಗುಲಗಳಿರುವ ನೂಬಿಯಾ ಪ್ರದೇಶದ ಸ್ಮಾರಕಗಳನ್ನು ಉಳಿಸಲು ಯುನೆಸ್ಕೊ 1960ರಲ್ಲಿ ಕರೆಕೊಟ್ಟ ಬಳಿಕ ಹಲವು ದೇಶಗಳು ಹೊರಡಿಸಿದ ಚೀಟಿಗಳು ಇದಕ್ಕೆ ಸಲ್ಲುತ್ತವೆ. ಆದರೆ ಹಾನಿಗೆ ಮುಂಚೆ ಬಂದ ಚೀಟಿಗಳನ್ನೂ ಸೇರಿಸಬಹುದೆ? ನಮ್ಮ ಮಳೆಗಾಲದಲ್ಲಿ ಅವನ್ನು ಕಾಪಾಡುವುದು ಹೇಗೆ?

ಉತ್ತರ (ಶಿವಮೊಗ್ಗದಿಂದ)

ಖಂಡಿತವಾಗಿ ಸೇರಿಸಿ. ಬಾಮಿಯಾನಿನ ಬುದ್ಧಮೂರ್ತಿಗಳನ್ನು ತಾಲಿಬಾನ್ 2001ರ ಮಾರ್ಚ್‌ನಲ್ಲಿ ಸ್ಫೋಟಿಸಿತು. ಅದಕ್ಕೂ ದಶಕಗಳ ಹಿಂದೆ ಆಫ್ಘಾನಿಸ್ತಾನವೇ ಆ ಮೂರ್ತಿಯನ್ನು ತನ್ನ ಚೀಟಿಯ ಮೇಲೆ ಅಚ್ಚುಹಾಕಿತ್ತು. ಇಲ್ಲದಾದುದರ ರೂಪವನ್ನು ಉಳಿಸಿಕೊಂಡಿರುವ ಅಂಥ ಚೀಟಿಯನ್ನು ಹೊರಗಿಟ್ಟರೆ ಸಂಗ್ರಹವೇ ಅಪೂರ್ಣ.

ಆದರೂ ನನ್ನ ದೃಷ್ಟಿಯಲ್ಲಿ ಸಂಗ್ರಹದ ಜೀವಾಳವೆಂದರೆ, ಮುಖಬೆಲೆಯ ಮೇಲೆ ದೇಣಿಗೆಯ ಮೊತ್ತವನ್ನು ಕೂಡಿಸಿ ಜೀರ್ಣೋದ್ಧಾರಕ್ಕಾಗಿ ಮಾರಿದ ಚೀಟಿಗಳು. ಎರಡನೆಯ ಮಹಾಯುದ್ಧದಲ್ಲಿ ಘಾಸಿಗೊಂಡ ಜರ್ಮನಿಯ ಕಲೋನ್ ಕೆಥೆಡ್ರಲ್‌ಗಾಗಿ 1948ರಲ್ಲಿ ಹೀಗೆಯೇ ಚೀಟಿಗಳು ಬಂದವು. ಅದೇ ದೇಶದ ಲ್ಯೂಬೆಕ್‌ನ ಸೇಂಟ್ ಮೇರಿ ಚರ್ಚಿನ ಕಥೆ ಇನ್ನೂ ವಿಚಿತ್ರವಾದುದು. 1942ರ ಬಾಂಬ್ ದಾಳಿಯ ಬೆಂಕಿಗೆ ಗೋಡೆಯ ಸುಣ್ಣ ಉದುರಿ ಹಳೆಯ ಚಿತ್ರಗಳ ಕುರುಹು ಕಂಡಿತು. ದುರಸ್ತಿಯ ಬಳಿಕ, 1951ರಲ್ಲಿ, ಪಶ್ಚಿಮ ಜರ್ಮನಿ ಆ ಚಿತ್ರಗಳನ್ನು 10+5 ಮತ್ತು 20+5 ಫೆನಿಗ್ ಚೀಟಿಗಳಿಗೆ ತಂದಿತು. ಮರುವರ್ಷವೇ ಲೋಥರ್ ಮಾಲ್ಸ್ಕಾಟ್ ಎಂಬ ಚಿತ್ರಕಾರ ಅವು ತಾನು ಬರೆದ ನಕಲಿ ಚಿತ್ರಗಳೆಂದು ಒಪ್ಪಿಕೊಂಡ.

ಭಾರತದ್ದನ್ನು ಕೊನಾರ್ಕದ ಕುದುರೆಯಿಂದ ಆರಂಭಿಸಿ. 1949ರ ಆಗಸ್ಟ್ 15ರ ಮಾಲಿಕೆಯ ಆರು ಪೈ ಚೀಟಿಯದು. ಆ ದೇಗುಲದ ಮುಖ್ಯ ಶಿಖರ ಅದಕ್ಕೂ ಬಹಳ ಹಿಂದೆಯೇ ಕುಸಿದಿತ್ತು.

ಉತ್ತರ (ತೀರ್ಥಹಳ್ಳಿಯಿಂದ)

ಶಿವಮೊಗ್ಗದವರ ಮಾತಿಗೆ ಒಂದನ್ನು ಸೇರಿಸುತ್ತೇನೆ: ದೇಶವಾರು ಜೋಡಿಸದೆ, ಹಾನಿಯ ಕಾರಣದಂತೆ ಜೋಡಿಸಿದರೆ ನಿಮ್ಮ ಉದ್ದೇಶ ನೋಡುವವರಿಗೆ ತಾನಾಗಿ ತಿಳಿಯುತ್ತದೆ.

ಇನ್ನು ಮಳೆಗಾಲ. ಆಷಾಢದಲ್ಲಿ ಗೋಡೆಯೇ ಬೆವರುವ ನಮ್ಮ ಮನೆಗಳಲ್ಲಿ, ಬಳಸದ ಚೀಟಿಯ ಹಿಂದಿನ ಅಂಟು ಥಂಡಿಗೆ ಮೆತ್ತಗಾಗಿ ಪುಟಕ್ಕೆ ಕಚ್ಚಿಕೊಳ್ಳುತ್ತದೆ, ಅನಂತರ ಕಾಗದದ ಮೇಲೆ ಕಂದು ಚುಕ್ಕೆಗಳು ಏಳುತ್ತವೆ. ಆಲ್ಬಮ್‌ಗಳನ್ನು ಒಂದರ ಮೇಲೊಂದು ಪೇರಿಸದೆ ನಿಲ್ಲಿಸಿಡಿ. ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ, ಅದು ತೇವ ಹೀರಿದಾಗ ಬದಲಿಸಿ. ಹೊಳಪು ಬಿದ್ದ ದಿನ ಪುಟಗಳನ್ನು ತಿರುವಿ ಗಾಳಿಯಾಡಿಸಿ, ಆದರೆ ಬಿಸಿಲಿಗೆ ಒಡ್ಡಬೇಡಿ, ಬಣ್ಣ ಮಾಸುತ್ತದೆ. ಚೀಟಿಗಳನ್ನು ಬೆರಳಿನಿಂದ ಮುಟ್ಟದೆ ಚಿಮಟದಿಂದಲೇ ಎತ್ತಿ. ಪುಟಕ್ಕೆ ಅಂಟಿದ್ದನ್ನು ಎಳೆದು ಕೀಳಬೇಡಿ. ಚೀಟಿಯ ಅಂಚಿನ ಹಲ್ಲುಗಳು ಒಮ್ಮೆ ಹರಿದರೆ ಮತ್ತೆ ಸರಿಪಡಿಸಲಾಗದು.