ಉಂಡ ಮೇಲೆ ಹೊಟ್ಟೆನೋವು, ಸಿಟಿ ಸ್ಕ್ಯಾನ್‌ನಲ್ಲಿ ಸೀಲಿಯಾಕ್ ಅಪಧಮನಿ ಕಿರಿದು: ಸ್ಟೆಂಟ್ ಸಾಕೇ?

ಪ್ರಶ್ನೆ: 32ರ ಮಹಿಳೆ. ಉಂಡ ಅರ್ಧ ಗಂಟೆಯೊಳಗೆ ಮೇಲ್ಹೊಟ್ಟೆ ನೋವು, ಊಟಕ್ಕೇ ಹೆದರಿಕೆ, 6 ತಿಂಗಳಲ್ಲಿ 7 ಕೆ.ಜಿ. ಇಳಿಕೆ. ಎಂಡೋಸ್ಕೋಪಿ, ಪಿತ್ತಕೋಶದ ಸ್ಕ್ಯಾನ್ ಎರಡೂ ಸರಿಯಿವೆ. ಸಿಟಿಯಲ್ಲಿ ಸೀಲಿಯಾಕ್ ಅಪಧಮನಿ (ಜಠರ, ಯಕೃತ್ತಿಗೆ ರಕ್ತ ಒಯ್ಯುವ ನಾಳ) ಬುಡದಲ್ಲಿ ಕಿರಿದಾಗಿದೆ. ಸ್ಟೆಂಟ್ ಹಾಕಿಸಬಹುದೇ?

ಉತ್ತರ: ಸ್ಟೆಂಟ್ ಈಗ ಬೇಡ. ಈ ವಯಸ್ಸಿನಲ್ಲಿ ನಾಳದೊಳಗೆ ಕೊಬ್ಬು ಕಟ್ಟಿರುವುದಕ್ಕಿಂತ, ವಪೆಯ (ಎದೆ-ಹೊಟ್ಟೆ ನಡುವಿನ ಉಸಿರಾಟದ ಸ್ನಾಯುವಿನ) ನಾರುಪಟ್ಟಿಯಾದ ಮೀಡಿಯನ್ ಆರ್ಕ್ಯುಯೇಟ್ ಲಿಗಮೆಂಟ್ ಹೊರಗಿನಿಂದ ಒತ್ತುತ್ತಿರುವ ಸಾಧ್ಯತೆಯೇ ಹೆಚ್ಚು. ಪಟ್ಟಿಯನ್ನು ಬಿಡಿಸದೆ ಕೂರಿಸಿದ ಸ್ಟೆಂಟ್ ಪ್ರತಿ ಉಸಿರಿಗೂ ಹಿಸುಕಿಸಿಕೊಂಡು ಮುರಿಯಬಹುದು, ಜಾರಬಹುದು.

ಸಿಟಿಯನ್ನು ಪಕ್ಕದ ನೋಟದಲ್ಲಿ ಮತ್ತೆ ನೋಡಿಸಿ. ನಾಳ ಕೊಕ್ಕೆಯಂತೆ ಕೆಳಕ್ಕೆ ಬಾಗಿ, ಇಕ್ಕಟ್ಟಿನ ಆಚೆ ಉಬ್ಬಿದ್ದು, ಸುಣ್ಣದ ಕಲೆ ಇಲ್ಲದಿದ್ದರೆ ಅದು ಒತ್ತಡದ ಗುರುತು. ಆದರೆ ಚಿತ್ರ ಮಾತ್ರ ಸಾಲದು. ಯಾವ ನೋವೂ ಇಲ್ಲದವರಲ್ಲೂ ಉಸಿರು ಬಿಟ್ಟಾಗ ಇಂಥ ಒತ್ತು ಕಾಣುತ್ತದೆ. ಖಾಲಿ ಹೊಟ್ಟೆಯಲ್ಲಿ, ಉಸಿರು ಪೂರ್ತಿ ಎಳೆದು ಒಮ್ಮೆ, ಪೂರ್ತಿ ಬಿಟ್ಟು ಒಮ್ಮೆ ಡಾಪ್ಲರ್ (ರಕ್ತ ಹರಿಯುವ ವೇಗ ಅಳೆಯುವ ಸ್ಕ್ಯಾನ್) ಮಾಡಿಸಿ.

ಪ್ರಶ್ನೆ: ಮಾಡಿಸಿದೆವು. ಉಸಿರು ಬಿಟ್ಟಾಗ ರಕ್ತದ ವೇಗ ಸೆಕೆಂಡಿಗೆ 380 ಸೆಂ.ಮೀ., ಎಳೆದಾಗ 170. ನಾಳ ಬಾಗಿದ ಕೋನ 60 ಡಿಗ್ರಿ.

ಉತ್ತರ: ಬಿಟ್ಟಾಗ 350 ದಾಟಿದರೆ, ಕೋನ 50 ಮೀರಿದರೆ ಪಟ್ಟಿ ಒತ್ತುವ ಈ ರೋಗದ ಕಡೆಗೇ ಬೊಟ್ಟು. ಕೊಬ್ಬಿನ ಅಡಚಣೆಯಾಗಿದ್ದರೆ ಉಸಿರಿನೊಂದಿಗೆ ವೇಗ ಹೀಗೆ ಇಳಿಯುತ್ತಿರಲಿಲ್ಲ. ಆದರೂ ಜಠರ ನಿಧಾನವಾಗಿ ಖಾಲಿಯಾಗುವ ತೊಂದರೆ ಇಲ್ಲವೆಂದು ಖಚಿತಪಡಿಸಿಕೊಳ್ಳಿ. ನೋವಿಗೆ ರಕ್ತದ ಕೊರತೆಗಿಂತ ಅಲ್ಲೇ ಸುತ್ತಿಕೊಂಡಿರುವ ನರಜಾಲ ಕಾರಣವಿರಬಹುದು. ಹಾಗಾಗಿ ಸೀಲಿಯಾಕ್ ನರಜಾಲಕ್ಕೆ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು ನೋಡುತ್ತಾರೆ. ಕೆಲವು ಗಂಟೆಯಾದರೂ ನೆಮ್ಮದಿಯಾಗಿ ಉಂಡರೆ ಶಸ್ತ್ರಚಿಕಿತ್ಸೆ ಫಲಿಸುವ ಭರವಸೆ ಹೆಚ್ಚು.

ಶಸ್ತ್ರಚಿಕಿತ್ಸೆಯಲ್ಲಿ ಲ್ಯಾಪರೋಸ್ಕೋಪಿಯಿಂದ ಪಟ್ಟಿ ಕತ್ತರಿಸಿ, ಸುತ್ತಲಿನ ನರದ ಎಳೆಗಳನ್ನೂ ತೆಗೆಯುತ್ತಾರೆ. ಮಹಾಪಧಮನಿ ಅಲ್ಲೇ ಇರುವುದರಿಂದ ರಕ್ತಸ್ರಾವವೇ ದೊಡ್ಡ ಭಯ. ತಕ್ಷಣ ಹೊಟ್ಟೆ ತೆರೆಯುವ ಸಿದ್ಧತೆ ಇರುವ ಕಡೆಯೇ ಮಾಡಿಸಿ. ಬಿಡಿಸಿದ ಮೇಲೂ ಡಾಪ್ಲರ್‌ನಲ್ಲಿ ಇಕ್ಕಟ್ಟು ಉಳಿದು ನೋವೂ ಉಳಿದರೆ, ಆಗ ಬಲೂನು, ಸ್ಟೆಂಟ್ ಅಥವಾ ಬೈಪಾಸ್ ಮಾತು.

ಇನ್ನೊಬ್ಬರ ಸೇರ್ಪಡೆ: ಅದೇ ಸಿಟಿಯಲ್ಲಿ ಮೇದೋಜೀರಕ ಗ್ರಂಥಿಯ ಸುತ್ತಲಿನ ಬಳಸುದಾರಿಯ ನಾಳಗಳನ್ನೂ ನೋಡಿಸಿ. ಸೀಲಿಯಾಕ್ ಇಕ್ಕಟ್ಟಾದಾಗ ರಕ್ತ ಅಲ್ಲಿಂದ ಹರಿದು ಗುಳ್ಳೆಯಂತೆ ಉಬ್ಬು ಬೆಳೆಯುವುದುಂಟು. ಅದು ಚಿಕ್ಕದಿದ್ದರೂ ಒಡೆಯಬಲ್ಲದು. ಕಾಯಿಲ್ (ಸಣ್ಣ ಲೋಹದ ಸುರುಳಿ) ತುಂಬಿಸಿ ಮುಚ್ಚುತ್ತಾರೆ. ಹಠಾತ್ತನೆ ತಡೆಯಲಾಗದ ನೋವು ಬಂದರೆ, ಹೊಟ್ಟೆ ಮುಟ್ಟಿದಾಗ ಮೆತ್ತಗೇ ಇದ್ದರೂ, ಡಾಪ್ಲರ್ ಸರದಿಗೆ ಕಾಯದೆ ತುರ್ತು ವಿಭಾಗಕ್ಕೆ ಹೋಗಿ.