‘ಹಿನ್ನೆಲೆ ಸಂಗೀತ’: ಎದುರಿಗಿಟ್ಟುಕೊಂಡು ಕೇಳುವಾಗಲೂ ಹಿನ್ನೆಲೆಯೇ?

ಬಳಗದ ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ.

ಒಂದು ಪದಕ್ಕಾಗಿ ಬಂದಿದ್ದೇನೆ. ನಾವು ನಾಲ್ಕೈದು ಮಂದಿ ಗೆಳೆಯರು ಸಿನಿಮಾ ಸಂಗೀತದ ಹುಚ್ಚು ಹಿಡಿಸಿಕೊಂಡವರು. ಹಾಡುಗಳದ್ದಲ್ಲ, ದೃಶ್ಯಗಳ ಜೊತೆಗೆ ನಡೆಯುವ, ಮಾತಿನ ನಡುವೆ ನುಸುಳುವ, ಯಾರೂ ಮಾತನಾಡದಿದ್ದಾಗ ತಾನೇ ಮಾತನಾಡುವ ಆ ವಾದ್ಯಸಂಗೀತದ್ದು. ಚಿತ್ರವನ್ನು ಬದಿಗಿಟ್ಟು ಸಂಗೀತವನ್ನಷ್ಟೇ ಕಿವಿಗೆ ಹಾಕಿಕೊಂಡು ಕೇಳುತ್ತೇವೆ. ಯಾರು ಈ ವಾರ ಏನನ್ನು ಕೇಳುತ್ತಿದ್ದಾರೆ, ಅದರಲ್ಲಿ ಏನು ಹಿಡಿಸಿತು, ಏನು ಹಿಡಿಸಲಿಲ್ಲ ಎಂದು ಒಬ್ಬರಿಗೊಬ್ಬರು ಬರೆದುಕೊಳ್ಳುತ್ತೇವೆ. ಕನ್ನಡದಲ್ಲೇ ಬರೆಯಬೇಕೆಂದು ಹಟ ಹಿಡಿದವನು ನಾನು. ಹಾಗಾಗಿ ತೊಡಕು ಕೂಡ ಮೊದಲು ನನಗೇ ಎದುರಾಯಿತು.

‘ಈ ವಾರ ಒಂದು ಹಳೆಯ ಚಿತ್ರದ ಹಿನ್ನೆಲೆ ಸಂಗೀತ ಕೇಳುತ್ತಿದ್ದೇನೆ’ ಎಂದು ಬರೆದೆ. ಬರೆದ ಮೇಲೆ ಆ ವಾಕ್ಯ ಮನಸ್ಸಿಗೆ ಒಗ್ಗಲಿಲ್ಲ. ಕಣ್ಣು ಮುಚ್ಚಿ ಕೂತು ಅದೊಂದನ್ನೇ ಕೇಳುತ್ತಿರುವಾಗ ಅದು ಯಾವುದರ ಹಿನ್ನೆಲೆ? ಮುಂದೆ ಏನೂ ಇಲ್ಲವಲ್ಲ!

ಕನ್ನಡದಲ್ಲಿ ‘ಕೇಳಿಸುವುದು’ ಬೇರೆ, ‘ಕೇಳುವುದು’ ಬೇರೆ. ಮಳೆಯ ಸದ್ದು ಕೇಳಿಸುತ್ತದೆ, ಕಥೆಯನ್ನು ಕೇಳುತ್ತೇವೆ. ಚಿತ್ರಮಂದಿರದಲ್ಲಿ ಈ ಸಂಗೀತ ನಮಗೆ ಕೇಳಿಸುತ್ತದೆ. ನಮ್ಮ ಗಮನ ಮುಖಗಳ ಮೇಲೆ, ಮಾತಿನ ಮೇಲೆ ಇರುತ್ತದೆ. ಸಂಗೀತ ತನ್ನ ಪಾಡಿಗೆ ಒಳಗಿಳಿದು ಕೆಲಸ ಮಾಡುತ್ತದೆ. ಅಲ್ಲಿ ‘ಹಿನ್ನೆಲೆ ಸಂಗೀತ’ ಎಂಬ ಮಾತು ಸರಿಯಾಗಿಯೇ ಕೂರುತ್ತದೆ. ಆದರೆ ಅದನ್ನೇ ಬೇಕೆಂದು ಹಾಕಿಕೊಂಡು ಕೇಳುವಾಗ ಅದಕ್ಕೆ ಕನ್ನಡದಲ್ಲಿ ಹೆಸರಿಲ್ಲ. ನನ್ನ ಪ್ರಶ್ನೆಯೆಲ್ಲ ಈ ಎರಡು ಕ್ರಿಯಾಪದಗಳ ನಡುವಿನ ಸಂದಿಯಲ್ಲಿದೆ.

ಮೊದಲು ಪದವನ್ನೇ ಬಿಡಿಸಿ ನೋಡೋಣ. ಹಿನ್ + ನೆಲೆ. ಹಿಂದಿನ ಜಾಗ, ಹಿಂದೆ ನಿಂತಿರುವುದು. ಪತ್ರಿಕೆಗಳಲ್ಲಿ ‘ಬರದ ಹಿನ್ನೆಲೆಯಲ್ಲಿ’ ಎಂದರೆ ಕಾರಣ. ‘ಕೌಟುಂಬಿಕ ಹಿನ್ನೆಲೆ’ ಎಂದರೆ ಬಂದ ದಾರಿ. ಫೋಟೊದ ಹಿನ್ನೆಲೆ ಎಂದರೆ ವ್ಯಕ್ತಿಯ ಬೆನ್ನ ಹಿಂದಿನ ಗೋಡೆಯೋ ಗಿಡವೋ. ಸಿನಿಮಾದ ಮಾತಿಗೆ ಬಂದಾಗ ಇದೇ ಪದ ಎರಡು ಕೆಲಸಗಳನ್ನು ಹೊತ್ತುಕೊಂಡಿದೆ. ‘ಹಿನ್ನೆಲೆ ಗಾಯಕಿ’ ಎಂದಾಗ ಆಕೆ ತೆರೆಯ ಹಿಂದಿರುವವಳು, ಕಾಣದವಳು ಎಂದರ್ಥ. ಹಾಡು ಮಾತ್ರ ಎಲ್ಲಕ್ಕಿಂತ ಮುಂದೆಯೇ ಇರುತ್ತದೆ. ಆ ನಾಲ್ಕು ನಿಮಿಷ ಕಥೆಯೇ ನಿಂತು ಹಾಡಿಗೆ ದಾರಿ ಬಿಡುತ್ತದೆ. ‘ಹಿನ್ನೆಲೆ ಸಂಗೀತ’ ಎಂದಾಗ ವಾದ್ಯಗಾರರು ಕಾಣುವುದಿಲ್ಲ ಎಂಬುದು ಮುಖ್ಯವಲ್ಲ. ಆ ಸಂಗೀತವೇ ಮಾತಿಗಿಂತ, ನಟನೆಗಿಂತ ಹಿಂದೆ ನಿಲ್ಲುವಂಥದ್ದು ಎಂಬ ತೀರ್ಮಾನ ಆ ಪದದೊಳಗಿದೆ. ಒಂದು ‘ಹಿನ್ನೆಲೆ’ ಹಾಡುವವರ ಜಾಗವನ್ನು ಹೇಳುತ್ತದೆ, ಇನ್ನೊಂದು ಸಂಗೀತದ ಅಂತಸ್ತನ್ನು ಹೇಳುತ್ತದೆ.

ನೆರೆಯ ಭಾಷೆಗಳನ್ನು ನೋಡಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. ಹಿಂದಿ ಮತ್ತು ಮರಾಠಿಯವರು ‘ಪಾರ್ಶ್ವ’ ಎನ್ನುತ್ತಾರೆ, ಅಂದರೆ ಪಕ್ಕ. ತೆಲುಗಿನವರದು ‘ನೇಪಥ್ಯ’, ಪರದೆಯ ಆಚೆಯ ಬಣ್ಣದ ಕೋಣೆ. ತಮಿಳಿನ ‘ಪಿನ್ನಣಿ’ ಹಿಂದಿನ ಸಾಲು. ಇವರೆಲ್ಲ ನಮ್ಮಂತೆಯೇ ಹಾಡುಗಾರರಿಗೂ ಸಂಗೀತಕ್ಕೂ ಒಂದೇ ಪದವನ್ನು ಬಳಸುತ್ತಾರೆ. ಮಲಯಾಳಿಗಳು ಮಾತ್ರ ಗಾಯಕರಿಗೆ ‘ಪಿನ್ನಣಿ’ ಎಂದೂ ಸಂಗೀತಕ್ಕೆ ‘ಪಶ್ಚಾತ್ತಲ’ ಎಂದೂ ಬೇರೆ ಬೇರೆ ಹೇಳುತ್ತಾರೆ. ಆ ಎಚ್ಚರ ನನಗೆ ಬಹಳ ಇಷ್ಟವಾಯಿತು. ಆದರೆ ಅವರ ‘ಪಶ್ಚಾತ್ತಲ’ವೂ ಹಿಂದಿನ ತಲವೇ.

ಈ ಸಂಗೀತ ನಿಜಕ್ಕೂ ಹಿಂದೆ ನಿಲ್ಲುತ್ತದೆಯೇ? ಮೂಕಿಚಿತ್ರಗಳ ಕಾಲದಲ್ಲಿ ವಾದ್ಯಗಾರರು ಕೂರುತ್ತಿದ್ದುದು ತೆರೆಯ ಮುಂದೆ, ಅದರ ಕೆಳಗೆ, ಪ್ರೇಕ್ಷಕರಿಗೂ ಚಿತ್ರಕ್ಕೂ ನಡುವೆ. 1908ರಲ್ಲೇ ಫ್ರಾನ್ಸಿನ ದೊಡ್ಡ ಸಂಗೀತಗಾರ ಸೇಂಟ್-ಸಾನ್ಸ್ ಒಂದು ಚಿತ್ರಕ್ಕೆಂದೇ ಸಂಗೀತ ಬರೆದುಕೊಟ್ಟಿದ್ದರು. ಆ ದಿನಗಳಲ್ಲಿ ಅದು ಅಕ್ಷರಶಃ ಮುನ್ನೆಲೆಯ ಸಂಗೀತ. ಧ್ವನಿ ಫಿಲ್ಮಿನ ಅಂಚಿಗೆ ಸೇರಿದ ಮೇಲೆ ಅದು ಮಾತಿನ ಅಡಿಗೆ ಹೋಯಿತು.

ಹೋದ ಮೇಲೂ ಸುಮ್ಮನೆ ಕೂತಿಲ್ಲ. ನಾನು ಈಗ ಮತ್ತೆ ಮತ್ತೆ ಕೇಳುತ್ತಿರುವುದು 1960ರ ‘ಸೈಕೋ’ ಚಿತ್ರಕ್ಕೆ ಬರ್ನಾರ್ಡ್ ಹರ್ಮನ್ ಮಾಡಿದ ಸಂಗೀತ. ಅದರಲ್ಲಿ ತಂತಿವಾದ್ಯಗಳಷ್ಟೇ ಇವೆ. ಕೊಳಲಿಲ್ಲ, ಕಹಳೆಯಿಲ್ಲ, ತಾಳವಾದ್ಯವಿಲ್ಲ. ಸ್ನಾನದ ಮನೆಯ ಕೊಲೆಯ ದೃಶ್ಯಕ್ಕೆ ಸಂಗೀತವೇ ಬೇಡ ಎಂಬುದು ನಿರ್ದೇಶಕ ಹಿಚ್‌ಕಾಕ್ ಅವರ ಮೊದಲ ಆಲೋಚನೆಯಾಗಿತ್ತು. ಹರ್ಮನ್ ಬರೆದೇಬಿಟ್ಟರು, ಕೇಳಿದ ಮೇಲೆ ಹಿಚ್‌ಕಾಕ್ ಒಪ್ಪಿಕೊಂಡರು. ಇವತ್ತು ಆ ದೃಶ್ಯವನ್ನು ನೆನೆಯುವವರಿಗೆ ಮೊದಲು ನೆನಪಾಗುವುದು ಪಿಟೀಲುಗಳ ಆ ಚೀತ್ಕಾರ. ನನಗೆ ಅದಕ್ಕಿಂತಲೂ ಹೆಚ್ಚು ಹಿಡಿಸುವುದು ಅದಕ್ಕೆ ಮೊದಲಿನ ಭಾಗ: ಒಬ್ಬ ಹೆಂಗಸು ಕದ್ದ ಹಣದೊಂದಿಗೆ ಕಾರು ಓಡಿಸುತ್ತಿದ್ದಾಳೆ, ಅಷ್ಟೇ. ಸದ್ದು ತೆಗೆದರೆ ಅದೊಂದು ಸಾಧಾರಣ ಪ್ರಯಾಣ. ತಂತಿಗಳು ಒಂದೇ ಸಮನೆ ಕುಟ್ಟುತ್ತ ಹೋದಂತೆ ಆಕೆಯ ಎದೆಯೊಳಗೆ ಏನಾಗುತ್ತಿದೆ ಎಂಬುದು ತಿಳಿಯುತ್ತದೆ. ಅಲ್ಲಿ ಕಥೆಯನ್ನು ಹೇಳುತ್ತಿರುವುದೇ ಸಂಗೀತ. ಅದನ್ನು ಹಿನ್ನೆಲೆ ಎನ್ನಲು ನನಗೆ ಬಾಯಿ ಬರುವುದಿಲ್ಲ.

ನಮ್ಮ ಗುಂಪಿನ ಗೆಳತಿಯೊಬ್ಬಳು 1975ರ ಶಾರ್ಕ್ ಕಥೆಯ ಚಿತ್ರ ‘ಜಾಸ್’ ಹಿಡಿದು ಕೂತಿದ್ದಾಳೆ. ಜಾನ್ ವಿಲಿಯಮ್ಸ್ ಅವರ ಎರಡೇ ಸ್ವರಗಳ ಆ ನಡೆ ಎಲ್ಲರಿಗೂ ಗೊತ್ತು. ಆಕೆ ಎತ್ತಿ ತೋರಿಸಿದ ವಿಷಯ ನನಗೆ ಹೊಳೆದಿರಲಿಲ್ಲ. ಇಬ್ಬರು ಹುಡುಗರು ಶಾರ್ಕ್‌ನದೆಂಬಂತೆ ಸುಳ್ಳು ಈಜುರೆಕ್ಕೆ ಕಟ್ಟಿಕೊಂಡು ನೀರಿನಲ್ಲಿ ಜನರನ್ನು ಹೆದರಿಸುವ ದೃಶ್ಯದಲ್ಲಿ ಆ ಸ್ವರಗಳು ಬರುವುದೇ ಇಲ್ಲ! ಶಾರ್ಕ್ ನಿಜವಾಗಿ ಇದ್ದಾಗ ಮಾತ್ರ ಸಂಗೀತ ಅದರ ಹೆಸರು ಹೇಳುತ್ತದೆ. ಕಣ್ಣು ಮೋಸ ಹೋಗುತ್ತದೆ, ಕಿವಿಗೆ ಮೋಸವಿಲ್ಲ. ಇನ್ನು ‘ಒನ್ಸ್ ಅಪಾನ್ ಎ ಟೈಮ್ ಇನ್ ದ ವೆಸ್ಟ್’ ಚಿತ್ರಕ್ಕೆ (1968) ಎನ್ನಿಯೊ ಮೊರಿಕೋನೆ ಚಿತ್ರೀಕರಣಕ್ಕೂ ಮೊದಲೇ ಸಂಗೀತ ಸಿದ್ಧಪಡಿಸಿದ್ದರು; ಸೆಟ್ಟಿನಲ್ಲಿ ಅದನ್ನು ನುಡಿಸಿಕೊಂಡು ನಟರ ನಡಿಗೆಯನ್ನು, ಕ್ಯಾಮೆರಾದ ಚಲನೆಯನ್ನು ಅದಕ್ಕೆ ಹೊಂದಿಸಿದರು. ಕಾಲದ ಲೆಕ್ಕದಲ್ಲೂ ಅಲ್ಲಿ ಸಂಗೀತ ಮುಂದೆ, ದೃಶ್ಯ ಹಿಂದೆ.

ಹಾಗಾದರೆ ಏನೆನ್ನೋಣ? ಗುಂಪಿನಲ್ಲಿ ಹರಿದಾಡಿದ ಪದಗಳನ್ನು ನಿಮ್ಮ ಮುಂದಿಡುತ್ತೇನೆ.

ಇಂಗ್ಲಿಷಿನವರು ಈ ಸಂಗೀತಕ್ಕೆ ಹೇಳುವಂತೆ ‘ಸ್ಕೋರ್’ ಎಂದೇ ಬರೆಯೋಣ ಎಂದವರಿದ್ದಾರೆ. ಕನ್ನಡದಲ್ಲಿ ಆ ಪದ ಈಗಾಗಲೇ ಆಟದ ಮೈದಾನಕ್ಕೆ ಸೇರಿಹೋಗಿದೆ. ‘ಸ್ಕೋರ್ ಕೇಳುತ್ತಿದ್ದೇನೆ’ ಎಂದರೆ ಎದುರಿನವರು ಎಷ್ಟು ವಿಕೆಟ್ ಬಿದ್ದವು ಎಂದು ಕೇಳಿಯಾರು. ಇಂಗ್ಲಿಷಿನಲ್ಲೂ ಅದರ ಮೂಲ ಅರ್ಥ ಗೀರು, ಎಣಿಕೆಗಾಗಿ ಮರದ ಮೇಲೆ ಕೊರೆದ ಗುರುತು. ಸ್ವರಲಿಪಿಯ ಸಾಲುಗಳನ್ನು ಜೋಡಿಸಲು ಎಳೆಯುವ ಗೆರೆಯಿಂದ ಅದು ಸಂಗೀತಕ್ಕೆ ಬಂದಿತು ಎನ್ನುತ್ತಾರೆ. ಬರೆದಿಟ್ಟ ಸಂಗೀತ ಎಂಬ ಅರ್ಥವೇ ಅಲ್ಲಿ ಮೊದಲಿನದು.

‘ಬಿಜಿಎಂ’ (ಬ್ಯಾಕ್‌ಗ್ರೌಂಡ್ ಮ್ಯೂಸಿಕ್) ಇಂದಿನ ಯುವಕರ ಬಾಯಲ್ಲಿದೆ, ಪತ್ರಿಕೆಗಳಲ್ಲೂ ಕಾಣುತ್ತದೆ. ನಾಯಕ ಬರುವಾಗ ಮೊಳಗುವ ಅಬ್ಬರದ ತುಣುಕಿಗೆ ಅದು ಹೆಚ್ಚಾಗಿ ಸಲ್ಲುತ್ತದೆ. ಒಂದು ಪಿಯಾನೊ ಮೆಲ್ಲಗೆ ನುಡಿದು ನಿಂತುಹೋಗುವುದನ್ನು ಬಿಜಿಎಂ ಎಂದು ಯಾರಾದರೂ ಕರೆದದ್ದನ್ನು ನಾನು ಓದಿಲ್ಲ.

ಚಿತ್ರರಂಗದ ಒಳಗಿನವರ ಪದ ‘ರೀರೆಕಾರ್ಡಿಂಗ್’. ಇದರ ಕಥೆ ಸ್ವಾರಸ್ಯವಾಗಿದೆ. ಮಾತು, ಸದ್ದು, ಸಂಗೀತ ಮೂರನ್ನೂ ಸೇರಿಸಿ ಮತ್ತೊಮ್ಮೆ ಮುದ್ರಿಸುವುದು ಅದರ ಮೂಲ ಅರ್ಥ. ದಕ್ಷಿಣದ ಚಿತ್ರರಂಗಗಳಲ್ಲಿ ಅದು ದೃಶ್ಯಗಳಿಗೆ ಸಂಗೀತ ಕೂರಿಸುವ ಕೆಲಸಕ್ಕೇ ಹೆಸರಾಯಿತು. ಕೆಲಸಕ್ಕೆ ಹೆಸರು ಸರಿ, ಕೃತಿಗೆ ಅಲ್ಲ. ‘ರೀರೆಕಾರ್ಡಿಂಗ್ ನಡೆಯುತ್ತಿದೆ’ ಎನ್ನಬಹುದು, ‘ರೀರೆಕಾರ್ಡಿಂಗ್ ಕೇಳಿ ಕಣ್ಣು ತುಂಬಿತು’ ಎನ್ನಲಾಗದು.

ಮುಂದಿನದು ‘ಚಿತ್ರಸಂಗೀತ’. ಅಚ್ಚುಕಟ್ಟಾದ ಪದ. ರಂಗಭೂಮಿಯವರು ‘ರಂಗಗೀತೆ’ ಎಂದು ಹಾಡಿಗೂ ‘ರಂಗಸಂಗೀತ’ ಎಂದು ಒಟ್ಟು ಸಂಗೀತಕ್ಕೂ ಹೇಳುತ್ತಾರೆ. ಅದೇ ಜಾಡಿನಲ್ಲಿ ‘ಚಿತ್ರಗೀತೆ’ ಹಾಡಿಗೆ, ‘ಚಿತ್ರಸಂಗೀತ’ ಉಳಿದದ್ದಕ್ಕೆ ಎನ್ನಬಹುದಲ್ಲವೇ? ರಂಗಸಂಗೀತದಲ್ಲಿ ದೊಡ್ಡ ಹೆಸರಾದ ಬಿ.ವಿ. ಕಾರಂತರೇ ‘ಘಟಶ್ರಾದ್ಧ’ ಚಿತ್ರದ (1977) ಸಂಗೀತಕ್ಕೆ ರಾಷ್ಟ್ರಪ್ರಶಸ್ತಿ ಪಡೆದವರು. ಒಂದು ರಂಗದ ಪದವಿವೇಕ ಇನ್ನೊಂದಕ್ಕೆ ದಾಟಿ ಬರುವುದು ಅಸಹಜವೇನಲ್ಲ. ಆದರೆ ಬಳಕೆ ನನ್ನ ವಿರುದ್ಧ ನಿಂತಿದೆ. ಚಿತ್ರಸಂಗೀತ ಎಂದೊಡನೆ ಕನ್ನಡಿಗರಿಗೆ ನೆನಪಾಗುವುದು ಹಾಡುಗಳೇ. ಪ್ರಶಸ್ತಿಗಳಲ್ಲಿಯೂ ಈ ಬೆರಕೆ ಬಹುಕಾಲ ಇತ್ತು: ರಾಷ್ಟ್ರಪ್ರಶಸ್ತಿಯಲ್ಲಿ ಹಾಡಿಗೂ ಹಿನ್ನೆಲೆ ಸಂಗೀತಕ್ಕೂ ಬೇರೆ ಬೇರೆ ಮನ್ನಣೆ ನಿಯಮಿತವಾಗಿ ಬರತೊಡಗಿದ್ದು 2009ರ ಚಿತ್ರಗಳಿಂದ. ಆಸ್ಕರ್ 1934ರ ಚಿತ್ರಗಳಿಂದಲೇ ಅವೆರಡನ್ನೂ ಬೇರೆಯಾಗಿ ನೋಡುತ್ತ ಬಂದಿದೆ.

ನನ್ನ ಒಲವು ‘ಹಿಮ್ಮೇಳ’ದ ಕಡೆಗೆ. ಇಲ್ಲೂ ‘ಹಿಂದೆ’ ಇದೆಯಲ್ಲ ಎಂದು ನೀವು ಕೇಳಬಹುದು. ಇದೆ. ಆದರೆ ಯಕ್ಷಗಾನದಲ್ಲಿ ಹಿಮ್ಮೇಳ ಹಿಂದಿದ್ದರೂ ಕೆಳಗಿಲ್ಲ. ಭಾಗವತ, ಮದ್ದಳೆ, ಚೆಂಡೆ ಇವು ಆಟವನ್ನು ನಡೆಸುತ್ತವೆ. ಯಾರು ಯಾವಾಗ ಬರಬೇಕು, ಎಷ್ಟು ಹೊತ್ತು ಕುಣಿಯಬೇಕು, ಎಲ್ಲಿ ಕಾವು ಏರಬೇಕು ಎಂಬುದು ಭಾಗವತರ ಕೈಯಲ್ಲಿದೆ. ವೇಷಧಾರಿಗಳ ಮುಮ್ಮೇಳ, ಹಾಡು-ವಾದ್ಯಗಳ ಹಿಮ್ಮೇಳ ಎರಡೂ ಮೇಳಗಳೇ, ಒಂದು ಇನ್ನೊಂದರ ನೆರಳಲ್ಲ. ‘ಸೈಕೋ’ ಚಿತ್ರದಲ್ಲಿ ಹರ್ಮನ್ ಮಾಡಿದ್ದು ಇದನ್ನೇ ಅಲ್ಲವೇ? ‘ಜಾಸ್‌ನ ಹಿಮ್ಮೇಳ ಕೇಳುತ್ತಿದ್ದೇನೆ’ ಎಂದು ಬರೆದು ನೋಡಿದೆ. ವಾಕ್ಯ ನಿಂತಿತು.

ತೊಡಕಿಲ್ಲದ ಪದವೇನೂ ಅಲ್ಲ. ಹಾಡಿನ ಜೊತೆಗೆ ದನಿಗೂಡಿಸುವವರನ್ನೂ ವಾದ್ಯಗಾರರನ್ನೂ ಹಿಮ್ಮೇಳದವರು ಎನ್ನುತ್ತೇವೆ. ಒಬ್ಬರು ಹೇಳಿದ್ದಕ್ಕೆಲ್ಲ ಹೂಂಗುಟ್ಟುವವರ ಬಗ್ಗೆ ‘ಹಿಮ್ಮೇಳ ಹಾಡಿದರು’ ಎಂಬ ಮಾತೂ ಇದೆ. ಜೊತೆಗೆ, ಅದನ್ನು ರಚಿಸಿದವರನ್ನು ಏನೆನ್ನುವುದು? ‘ಹಿಮ್ಮೇಳಕಾರ’ ಎಂದರೆ ನುಡಿಸುವವನಾಗುತ್ತಾನೆ. ಕ್ರಿಯಾಪದವೂ ಬೇಕು. ‘ಹಿನ್ನೆಲೆ ಸಂಗೀತ ಒದಗಿಸಿದ್ದಾರೆ’ ಎಂಬುದು ಎಲ್ಲ ಕಡೆಯೂ ಇದೆ. ‘ಒದಗಿಸು’ ಎಂದಾಗ ನನಗೆ ಸಾಮಾನು ಸರಬರಾಜಿನ ನೆನಪಾಗುತ್ತದೆ. ‘ಹಿಮ್ಮೇಳ ಹೆಣೆದರು’ ಎಂದು ನಾನು ಬರೆಯುತ್ತಿದ್ದೇನೆ. ಸರಿಯೇ?

ಹುಡುಕುತ್ತ ಹೋದಾಗ ನಾಟ್ಯಶಾಸ್ತ್ರದ ಧ್ರುವಾಗಾನದ ಬಾಗಿಲಲ್ಲಿ ನಿಂತೆ. ನಿಮ್ಮಲ್ಲಿ ಹಲವರಿಗೆ ಇದು ಹಳೆಯ ವಿಷಯ, ನನಗೆ ಹಬ್ಬ. ನಾಟಕದಲ್ಲಿ ನಟರಲ್ಲದೆ ಗಾಯಕರು ಹಾಡುವ ಈ ಗೀತಗಳಿಗೆ ಭರತ ಐದು ಹೆಸರುಗಳನ್ನು ಕೊಡುತ್ತಾನೆ. ಪಾತ್ರ ಬರುವಾಗ ಪ್ರಾವೇಶಿಕಿ, ಹೋಗುವಾಗ ನೈಷ್ಕ್ರಾಮಿಕಿ. ನಡೆಯುತ್ತಿದ್ದ ಭಾವವನ್ನು ತಟ್ಟನೆ ಮುರಿದು ಬೇರೆಡೆಗೆ ತಿರುಗಿಸುವುದು ಆಕ್ಷೇಪಿಕಿ. ಹಾಗೆ ಕದಡಿದ ಮನಸ್ಸನ್ನು ತಿಳಿಗೊಳಿಸುವುದು ಪ್ರಾಸಾದಿಕಿ. ನಡುವಿನ ತೆರಪನ್ನು ತುಂಬುವುದು ಆಂತರಾ. ಅವು ಹಾಡುಗಳು, ನಾವು ಮಾತನಾಡುತ್ತಿರುವುದು ವಾದ್ಯಸಂಗೀತದ ಬಗ್ಗೆ. ಆ ಅಂತರ ನನಗೆ ಗೊತ್ತು. ಆದರೂ ಚಿತ್ರದ ಸಂಗೀತದ ತುಣುಕುಗಳು ಮಾಡುವ ಕೆಲಸಕ್ಕೆ ಇಷ್ಟು ನಿಖರವಾದ ಹೆಸರುಗಳು ನನಗೆ ಬೇರೆಲ್ಲೂ ಸಿಕ್ಕಿಲ್ಲ. ಕಳೆದ ತಿಂಗಳಿಂದ ನಮ್ಮ ಟಿಪ್ಪಣಿಗಳಲ್ಲಿ ‘ಮೂರನೆಯ ತುಣುಕು ಒಳ್ಳೆಯ ಪ್ರಾಸಾದಿಕಿ’ ಎಂಬಂಥ ಮಾತುಗಳು ಕಾಣಿಸಿಕೊಳ್ಳುತ್ತಿವೆ. ಹಿಂದೆ ‘ಚೆನ್ನಾಗಿದೆ’, ‘ಮನಮುಟ್ಟುವಂತಿದೆ’ ಎಂದಷ್ಟೇ ಬರೆಯುತ್ತಿದ್ದವರು ಈಗ ಅದು ಏನು ಮಾಡುತ್ತಿದೆ ಎಂದು ಕೇಳಿಕೊಳ್ಳುತ್ತಿದ್ದೇವೆ.

ಕೊನೆಯದಾಗಿ ‘ಥೀಮ್’. ಒಂದು ಪಾತ್ರಕ್ಕೋ ಜಾಗಕ್ಕೋ ಅಂಟಿಕೊಂಡು ಮತ್ತೆ ಮತ್ತೆ ಬರುವ ಸ್ವರಗುಚ್ಛಕ್ಕೆ ‘ಪಲ್ಲವಿ’ ಎಂದು ಒಬ್ಬರು ಸೂಚಿಸಿದರು. ಪಲ್ಲವಿ ಗೊತ್ತಾದ ಜಾಗಕ್ಕೆ ಹಿಂದಿರುಗುತ್ತದೆ, ಇದು ಪಾತ್ರದ ಜೊತೆ ಅಲೆಯುತ್ತದೆ, ವೇಷ ಬದಲಿಸುತ್ತದೆ. ‘ಸ್ವರಮುದ್ರೆ’ ಎನ್ನಬಹುದೇನೋ. ವಚನಗಳ ಅಂಕಿತ, ಕೀರ್ತನೆಗಳ ಮುದ್ರಿಕೆ ಎಲ್ಲ ನೆನಪಿಗೆ ಬರುತ್ತವೆ. ಆದರೆ ಅವು ರಚಿಸಿದವರ ಗುರುತು, ಇದು ಪಾತ್ರದ ಗುರುತು. ಇಲ್ಲಿ ನನಗೆ ಇನ್ನೂ ಗಟ್ಟಿ ಅಭಿಪ್ರಾಯವಿಲ್ಲ.

ನಿಮ್ಮಿಂದ ಬೇಕಾದದ್ದು ಇಷ್ಟು. ಹಳೆಯ ಸಿನಿಮಾ ಪತ್ರಿಕೆಗಳಲ್ಲಿ, ವಿಮರ್ಶೆಗಳಲ್ಲಿ, ಚಿತ್ರಗಳ ಆರಂಭದ ಹೆಸರುಪಟ್ಟಿಯಲ್ಲಿ ‘ಹಿನ್ನೆಲೆ ಸಂಗೀತ’ ಬಿಟ್ಟು ಬೇರೆ ಪದವನ್ನು ಯಾರಾದರೂ ಕಂಡಿದ್ದೀರಾ? ವಾದ್ಯವೃಂದದಲ್ಲಿ ನುಡಿಸಿದವರು ನಿಮ್ಮ ಪರಿಚಯದಲ್ಲಿದ್ದರೆ ಅವರು ತಮ್ಮತಮ್ಮೊಳಗೆ ಇದನ್ನು ಏನೆಂದು ಕರೆಯುತ್ತಿದ್ದರು ಎಂದು ಕೇಳಿ ತಿಳಿಸುವಿರಾ? ಮತ್ತು ಕರಾವಳಿ, ಮಲೆನಾಡಿನ ಕಡೆಯ ಯಕ್ಷಗಾನ ಬಲ್ಲವರಿಗೆ ಒಂದು ಕೋರಿಕೆ: ‘ಹಿಮ್ಮೇಳ’ವನ್ನು ಸಿನಿಮಾಕ್ಕೆ ಎಳೆದು ತಂದರೆ ನಿಮ್ಮ ಕಿವಿಗೆ ಅದು ಕಿರಿಕಿರಿಯೇ, ಒಪ್ಪಿತವೇ? ನೀವು ಬೇಡವೆಂದರೆ ನಾನು ಬಳಸುವುದಿಲ್ಲ. ಹರ್ಮನ್ ಬಗೆಗಿನ ಟಿಪ್ಪಣಿಯನ್ನು ಮುಗಿಸಿ, ಶೀರ್ಷಿಕೆಯಲ್ಲಿ ಒಂದು ಪದದ ಜಾಗವನ್ನು ಹಾಗೆಯೇ ಬಿಟ್ಟಿದ್ದೇನೆ.