ಸುತ್ತುಪಟ್ಟಿಯ ಲಿಟರಲ್ ಕೊಟ್ಟರೆ ಸ್ಕೀಮ್ ಕಂಪೈಲರ್ ಹ್ಯಾಂಗ್

ಪ್ರಶ್ನೆ

ಸ್ಕೀಮ್ ಭಾಷೆಗೆ (ಅದರ ಆರ್7ಆರ್‌ಎಸ್ ಮಾನಕಕ್ಕೆ) ಚಿಕ್ಕದೊಂದು ಕಂಪೈಲರ್. ಬರೆದಿರುವುದು ಕಾಮನ್ ಲಿಸ್ಪ್‌ನಲ್ಲಿ, ಓಡುವುದು ಎಸ್‌ಬಿಸಿಎಲ್ (ಕಾಮನ್ ಲಿಸ್ಪ್‌ನ ಒಂದು ಕಂಪೈಲರ್) ಮೇಲೆ, ಹೊರಬರುವುದು 64 ಬಿಟ್ ಅಸೆಂಬ್ಲಿ. ತೊಂದರೆ ಕೊಡುತ್ತಿರುವ ಲಿಟರಲ್, ಅಂದರೆ ಕೋಡ್‌ನಲ್ಲಿ ನೇರವಾಗಿ ಬರೆದ ಬೆಲೆ (#0= ಪಟ್ಟಿಗೆ ಗುರುತಿಡುತ್ತದೆ, #0# ಅದೇ ಪಟ್ಟಿಯನ್ನು ಮತ್ತೆ ತೋರಿಸುತ್ತದೆ, ಹಾಗಾಗಿ ಬಾಲ ತಲೆಗೇ ಸೇರುತ್ತದೆ):

'#0=(ಸೋಮ ಮಂಗಳ ಬುಧ . #0#)

ಫೈಲ್‌ನಲ್ಲಿ ಇಂಥದ್ದು ಒಂದೇ ಇದ್ದರೆ ಲಿಟರಲ್ ಕೋಷ್ಟಕದ ಹಂತ ದಾಟುತ್ತದೆ, ಆಮೇಲೆ ಅಸೆಂಬ್ಲಿ ಫೈಲ್ ಬೆಳೆಯುತ್ತಲೇ ಹೋಗುತ್ತದೆ. ಅದೇ ಪಟ್ಟಿಯನ್ನು ಎರಡು ಕಡೆ ಬರೆದರೆ ಕೋಷ್ಟಕದಲ್ಲೇ ನಿಲ್ಲುತ್ತದೆ: ಸಿಪಿಯು 100%, ಮೆಮೊರಿ ಏರುವುದಿಲ್ಲ. '#0=(#0# . ಅ) ಕೊಟ್ಟರೆ ಹ್ಯಾಂಗ್ ಇಲ್ಲ, ಸ್ಟ್ಯಾಕ್ ಮುಗಿಯಿತೆಂಬ ದೋಷ. ಕೋಷ್ಟಕ ಈಕ್ವಲ್ ಹ್ಯಾಶ್ ಟೇಬಲ್, ಅಂದರೆ ಪಟ್ಟಿಗಳನ್ನು ಒಳಗಿನ ಅಂಶಗಳಿಂದ ಹೋಲಿಸುವಂಥದ್ದು. ಮೂರೂ ಒಂದೇ ತಪ್ಪೇ?

ಉತ್ತರ 1

ಮೂಲ ಒಂದೇ, ಜಾಗ ಎರಡು.

ಕೋಷ್ಟಕದ್ದು ಮೊದಲು. ಪಟ್ಟಿಯ ಹ್ಯಾಶ್ ಲೆಕ್ಕ ಹಾಕುವಾಗ ಎಸ್‌ಬಿಸಿಎಲ್ ಮೊದಲ ಕೆಲವೇ ಅಂಶಗಳನ್ನು ನೋಡಿ ಬಿಡುತ್ತದೆ, ಹಾಗಾಗಿ ಮೊದಲನೆಯ ಪಟ್ಟಿ ಸಲೀಸಾಗಿ ಒಳಗೆ ಹೋಯಿತು. ಎರಡನೆಯದರ ಹ್ಯಾಶ್ ಅದೇ ಆದ್ದರಿಂದ ಈಗ ಎರಡನ್ನೂ ಈಕ್ವಲ್‌ನಿಂದ ಹೋಲಿಸಬೇಕು. ಎರಡು ಸುತ್ತುಗಳು ಎಂದೂ ಬೇರೆಯಾಗುವುದಿಲ್ಲ, ಎಂದೂ ಮುಗಿಯುವುದಿಲ್ಲ. ಸ್ಕೀಮ್‌ನ ಈಕ್ವಲ್? ಸುತ್ತು ಇದ್ದರೂ ಮುಗಿಯಲೇಬೇಕೆಂದು ಆರ್7ಆರ್‌ಎಸ್ ಹೇಳುತ್ತದೆ. ಕಾಮನ್ ಲಿಸ್ಪ್‌ನ ಈಕ್ವಲ್‌ಗೆ ಆ ಕಟ್ಟುಪಾಡಿಲ್ಲ. ನೀವು ಸ್ಕೀಮ್ ಕಂಪೈಲ್ ಮಾಡುತ್ತಿದ್ದರೂ ಹೋಲಿಸುತ್ತಿರುವುದು ಕಾಮನ್ ಲಿಸ್ಪ್.

ಎರಡನೆಯ ಜಾಗ ಅಸೆಂಬ್ಲಿ ಬರೆಯುವ ಭಾಗ. ಸ್ಟ್ಯಾಕ್ ದೋಷಕ್ಕೆ ಕಾರಣ: ಅಲ್ಲಿ ಕುಡರ್ (ಜೋಡಿಯ ಎರಡನೆಯ ಭಾಗ) ಕಡೆ ಲೂಪ್, ಕಾರ್ (ಮೊದಲ ಭಾಗ) ಕಡೆ ರಿಕರ್ಶನ್ ಬರೆದಿದ್ದೀರಿ. ಸುತ್ತು ಯಾವ ಕಡೆಗಿದೆಯೋ ಅದರ ಮೇಲೆ ಹ್ಯಾಂಗೋ ಸ್ಟ್ಯಾಕ್ ದೋಷವೋ ತೀರ್ಮಾನವಾಗುತ್ತದೆ.

ಮುಂದೆ ಇಂಥದ್ದನ್ನು ಹುಡುಕುವಾಗ ಶುರುವಿನಲ್ಲೇ \*ಪ್ರಿಂಟ್-ಸರ್ಕಲ್\* ಅನ್ನು ನಿಜ ಮಾಡಿ, ಆಮೇಲೆ ಕಂಟ್ರೋಲ್-ಸಿ ಒತ್ತಿ ಬ್ಯಾಕ್‌ಟ್ರೇಸ್ ನೋಡಿ. ಸುತ್ತನ್ನು ಗುರುತಿಸಿ ಮುದ್ರಿಸುವ ಆ ಸೆಟ್ಟಿಂಗ್‌ನ ಆರಂಭದ ಬೆಲೆ ಸುಳ್ಳು. ಹಾಗೇ ಬಿಟ್ಟರೆ ಸುತ್ತುಪಟ್ಟಿಯನ್ನು ಮುದ್ರಿಸಲು ಹೋದ ಡೀಬಗ್ ಸಾಲೇ ಗಿರಕಿ ಹೊಡೆಯಬಹುದು, ತಪ್ಪು ಕಂಪೈಲರ್‌ನದೆಂದು ಅನಿಸುತ್ತದೆ. ಇಡೀ ಪಟ್ಟಿಯನ್ನು ಒಳಗಿನವುಗಳ ಸಮೇತ ನಕಲು ಮಾಡುವ ಕಾಪಿ-ಟ್ರೀ ಎಲ್ಲಾದರೂ ಕರೆದಿದ್ದರೆ ಅದನ್ನೂ ತೆಗೆಯಿರಿ, ಅದೂ ಸುತ್ತಿನಲ್ಲಿ ಮುಗಿಯದು.

ಉತ್ತರ 2

ಪರಿಹಾರ: ಜೋಡಿ ಮತ್ತು ವೆಕ್ಟರ್‌ಗಳಿಗೆ ಈಕ್ಯೂ ಟೇಬಲ್ (ಒಳಗೆ ನೋಡದೆ, ಅದೇ ವಸ್ತುವೇ ಎಂದಷ್ಟೇ ನೋಡುವಂಥದ್ದು), ಸ್ಟ್ರಿಂಗ್ ಮತ್ತು ಸಂಖ್ಯೆಗಳಿಗೆ ಮಾತ್ರ ಈಕ್ವಲ್ ಟೇಬಲ್. ಒಂದೇ ಥರದ ಎರಡು ಪಟ್ಟಿ ಒಂದಾಗದೆ ಉಳಿದರೆ ಕೆಲವು ಬೈಟ್ ಹೆಚ್ಚು ಖರ್ಚು, ಅಷ್ಟೇ. ಅವನ್ನು ಒಂದು ಮಾಡಲೇಬೇಕೆಂದು ಆರ್7ಆರ್‌ಎಸ್ ಕೇಳುವುದಿಲ್ಲ.

ಅಸೆಂಬ್ಲಿಗೆ ಲಿಟರಲ್‌ಗಳ ಮೇಲೆ ಎರಡು ಬಾರಿ ಓಡಾಡಿ. ಮೊದಲ ಬಾರಿ ಕೈಯಾರೆ ಇಟ್ಟುಕೊಂಡ ಸ್ಟ್ಯಾಕ್‌ನಿಂದ ಜೋಡಿಗಳನ್ನು ತೆಗೆಯುತ್ತಾ, ಟೇಬಲ್‌ನಲ್ಲಿ ಇಲ್ಲದ್ದಕ್ಕೆ ಲೇಬಲ್ ಕೊಟ್ಟು ಕಾರ್, ಕುಡರ್ ಎರಡನ್ನೂ ಸ್ಟ್ಯಾಕ್‌ಗೆ ಹಾಕಿ, ಇದ್ದರೆ ಬಿಟ್ಟುಬಿಡಿ. ಎರಡನೆಯ ಬಾರಿ ಪ್ರತಿ ಲೇಬಲ್‌ಗೂ 16 ಬೈಟ್ ಬರೆಯಿರಿ. ಜೋಡಿಯ ಟ್ಯಾಗ್ (ಬಗೆ ತಿಳಿಸಲು ವಿಳಾಸಕ್ಕೆ ಕೂಡಿಸುವ ಸಂಖ್ಯೆ) 1 ಎಂದಿಟ್ಟುಕೊಂಡರೆ:

ಲೇ0: .ಕ್ವಾಡ್ ಸೋಮ, ಲೇ1+1
ಲೇ1: .ಕ್ವಾಡ್ ಮಂಗಳ, ಲೇ2+1
ಲೇ2: .ಕ್ವಾಡ್ ಬುಧ, ಲೇ0+1

ಹಿಂದೆ ಮುಂದೆ ಎಲ್ಲ ಲೇಬಲ್‌ಗಳನ್ನೂ ಅಸೆಂಬ್ಲರ್ ಮತ್ತು ಲಿಂಕರ್ ತಾವೇ ಹೊಂದಿಸುತ್ತವೆ. ಸೆಟ್-ಕುಡರ್! ಕರೆದು ಓಡುವಾಗ ತೇಪೆ ಹಾಕುವ ಕೆಲಸವೇ ಇಲ್ಲ. ಲಿಟರಲ್‌ಗಳನ್ನು ಹೀಪ್‌ನಲ್ಲಿ ಕಟ್ಟುವ ವಿನ್ಯಾಸವಾದರೆ ಮಾತ್ರ ಮೊದಲು ಖಾಲಿ ಜೋಡಿಗಳನ್ನೆಲ್ಲ ಹುಟ್ಟಿಸಿ, ಆಮೇಲೆ ತುಂಬಬೇಕು. ಮಕ್ಕಳನ್ನು ಮುಗಿಸಿ ತಾಯಿಗೆ ಬರುವ ಕ್ರಮ ಇಲ್ಲಿ ನಡೆಯುವುದಿಲ್ಲ, ಇಲ್ಲಿ ಪ್ರತಿ ಜೋಡಿಯೂ ಇನ್ನೊಂದರ ಮಗು.

ಪ್ರಶ್ನೆ ಕೇಳಿದವರು

ಟೇಬಲ್ ಬದಲಿಸಿದೆ, ಅಸೆಂಬ್ಲಿಯನ್ನೂ ಹಾಗೇ ಬರೆದೆ, ಮೂರೂ ಸರಿಹೋದವು. ಧನ್ಯವಾದ. ಆದರೆ ಮುಂದೆ ಕೋಟ್ ಗುರುತಿಲ್ಲದೆ #0=(ಫ . #0#) ಎಂದು ಬರೆದರೆ ಎಕ್ಸ್‌ಪ್ಯಾಂಡರ್ (ಮ್ಯಾಕ್ರೋಗಳನ್ನು ಬಿಡಿಸುವ ಹಂತ) ಹ್ಯಾಂಗ್. ಅಲ್ಲಿ ಆಮೆ-ಮೊಲದ ಅಲ್ಗಾರಿದಮ್ (ಒಂದು ಗುರುತು ನಿಧಾನ, ಇನ್ನೊಂದು ವೇಗವಾಗಿ ನಡೆದು ಸುತ್ತು ಹುಡುಕುವುದು) ಸಾಕೇ?

ಉತ್ತರ 3

ಆಮೆ-ಮೊಲ ಕುಡರ್ ದಾರಿಯೊಂದನ್ನೇ ನೋಡುತ್ತದೆ. ಆರ್ಗ್ಯುಮೆಂಟ್ ಪಟ್ಟಿಗೆ ಅಷ್ಟು ಸಾಕು. ಸರಳವಾಗಿ ಲಿಸ್ಟ್-ಲೆಂಗ್ತ್ ಕರೆಯಿರಿ, ಸುತ್ತಿದ್ದರೆ ಅದು ನಿಲ್ ಕೊಡುತ್ತದೆ. ಲೆಂಗ್ತ್ ಬೇಡ. ಕಾರ್ ಮೂಲಕ ತಿರುಗಿ ಬರುವ ಸುತ್ತು ಇದಕ್ಕೆ ಸಿಗುವುದಿಲ್ಲ.

ಲಿಟರಲ್ ಹೊರಗಿನ ಸುತ್ತು ಆರ್7ಆರ್‌ಎಸ್ ಪ್ರಕಾರ ತಪ್ಪೇ, ಹಾಗಾಗಿ ದೋಷ ಹೇಳಿ ನಿಲ್ಲಿಸಿ. ಆದರೆ ಪರೀಕ್ಷೆಯನ್ನು ಓದಿದ ಕೂಡಲೇ ಮಾಡಬೇಡಿ: ಕೋಟ್ ಎಂಬ ಹೆಸರನ್ನೇ ಯಾರಾದರೂ ಬೇರೆಯದಕ್ಕೆ ಕಟ್ಟಿರಬಹುದು, ಯಾವುದು ಡೇಟಾ ಯಾವುದು ಕೋಡ್ ಎಂದು ಎಕ್ಸ್‌ಪ್ಯಾಂಡರ್‌ಗೆ ಮಾತ್ರ ಗೊತ್ತು.

ಇಲ್ಲಿ ಎಲ್ಲರೂ ಎಡವುವ ಜಾಗ ಒಂದಿದೆ. ಉತ್ತರ 2ರ ‘ನೋಡಿಯಾಗಿದೆ’ ಟೇಬಲ್ಲನ್ನೇ ಎಕ್ಸ್‌ಪ್ಯಾಂಡರ್‌ಗೂ ತಂದರೆ ಸರಿಯಾದ ಕೋಡನ್ನೂ ತಳ್ಳಿಹಾಕುತ್ತೀರಿ. ಮ್ಯಾಕ್ರೋ ಒಂದೇ ಆರ್ಗ್ಯುಮೆಂಟನ್ನು ಎರಡು ಕಡೆ ಇಟ್ಟಾಗ ಒಂದೇ ಜೋಡಿ ಎರಡು ಬಾರಿ ಎದುರಾಗುತ್ತದೆ. ಅದು ಹಂಚಿಕೆ, ಸುತ್ತಲ್ಲ. ಈಗ ನಡೆಯುತ್ತಿರುವ ದಾರಿಯ ಜೋಡಿಗಳನ್ನಷ್ಟೇ ಇಟ್ಟುಕೊಳ್ಳಿ: ಒಳಗೆ ಹೋಗುವಾಗ ಸೇರಿಸಿ, ಹೊರಬರುವಾಗ ತೆಗೆಯಿರಿ. ತನ್ನನ್ನೇ ಕರೆದುಕೊಳ್ಳುವ ಮ್ಯಾಕ್ರೋ ಪ್ರತಿ ಸಲ ಹೊಸ ಜೋಡಿ ಹುಟ್ಟಿಸುವುದರಿಂದ ಇದಕ್ಕೂ ಸಿಗದು, ಅದಕ್ಕೆ ಆಳದ ಮಿತಿಯೊಂದನ್ನು ಬೇರೆ ಇಡಿ.

ಪರೀಕ್ಷೆಗಳಿಗೆ '#0=#(ಅ #0#) ಮತ್ತು '(#0=(ಅ) #0#) ಎರಡನ್ನೂ ಸೇರಿಸಿ. ಕೊನೆಯದರಲ್ಲಿ ಎರಡೂ ಅಂಶಗಳು ಈಕ್ಯೂ? ಆಗಿರಬೇಕು.